ಲೋಪವೂ ಪ್ರಕ್ಷೇಪವೂ: ಧ್ವನಿಮುದ್ರಣಗಳ ದರಾಂತರ ಕ್ರಮಗಳ ವಿಮರ್ಶೆ

೧. ವಿಷಯ ಪ್ರವೇಶ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ಎರಡು ಬಗೆಯ ದೋಷಗಳನ್ನು ವಿದ್ವಾಂಸರು ಎಚ್ಚರಿಕೆಯಿಂದ ಬೇರ್ಪಡಿಸುತ್ತಾರೆ. ಮೂಲದಲ್ಲಿದ್ದುದನ್ನು ಲಿಪಿಕಾರನು ಬಿಟ್ಟಿದ್ದರೆ ಅದು ಲೋಪ. ಮೂಲದಲ್ಲಿ ಇಲ್ಲದುದನ್ನು ಸೇರಿಸಿದ್ದರೆ ಅದು ಪ್ರಕ್ಷೇಪ. ಎರಡೂ ದೋಷಗಳೇ ಆದರೂ ಎರಡರ ತೂಕ ಒಂದೇ ಅಲ್ಲ. ಲೋಪವು ಸಾಮಾನ್ಯವಾಗಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಪ್ರಕ್ಷೇಪವಾದರೋ ಮೂಲದ ವೇಷವನ್ನೇ ಧರಿಸಿ ನಿಲ್ಲುತ್ತದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚಾಗಿವೆ. ಇಂಥ ಶಾಸನಗಳ ಸಂಪಾದಕನು ಸವೆದುಹೋದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನು ಇಡುತ್ತಾನೆಯೇ ಹೊರತು, ಕಲ್ಲಿನಲ್ಲಿ ಇಲ್ಲದ ಅಕ್ಷರವನ್ನು ಇದ್ದಂತೆ ಅಚ್ಚು ಹಾಕಿಸುವುದಿಲ್ಲ. ಚುಕ್ಕೆಗಳಿಂದ ಶಾಸ್ತ್ರಕ್ಕೆ ಹಾನಿಯಿಲ್ಲ. ಸುಳ್ಳು ಅಕ್ಷರದಿಂದ ಹಾನಿಯುಂಟು.

ಇಂದು ಶಿಲೆ, ಓಲೆ, ಕಾಗದಗಳ ಜೊತೆಗೆ ಧ್ವನಿಮುದ್ರಣವೂ ಅಧ್ಯಯನದ ಆಕರವಾಗಿದೆ. ದಾವಣಗೆರೆ ಮತ್ತು ಹರಿಹರಗಳ ಆಡುಮಾತನ್ನು ಸಂಗ್ರಹಿಸುವ ವಿದ್ಯಾರ್ಥಿ, ಇಲ್ಲಿಯ ವೃತ್ತಿರಂಗಭೂಮಿಯ ಸಂಭಾಷಣೆ ಹಾಡುಗಳನ್ನು ಹಳೆಯ ಕ್ಯಾಸೆಟ್ಟುಗಳಿಂದ ಗಣಕಕ್ಕೆ ಇಳಿಸಿಕೊಳ್ಳುವ ಅಧ್ಯಾಪಕ, ಇಬ್ಬರೂ ಅರಿತೋ ಅರಿಯದೆಯೋ ಲಿಪಿಕಾರರಾಗುತ್ತಾರೆ. ಅವರ ಕೈಯಲ್ಲಿ ಆಗುವ ಪ್ರತಿಲೇಖನದ ಒಂದು ಮುಖ್ಯ ಹಂತವನ್ನು ಪ್ರಸ್ತುತ ಲೇಖನದಲ್ಲಿ ವಿಮರ್ಶಿಸಲು ಯತ್ನಿಸಿದ್ದೇವೆ.

ಗಣಕವು ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಅಂಥ ಒಂದೊಂದು ಅಂಕಿಯನ್ನೂ 'ಮಾದರಿ' ಎಂದೂ, ಒಂದು ಸೆಕೆಂಡಿನಲ್ಲಿ ಎಷ್ಟು ಮಾದರಿಗಳಿವೆ ಎಂಬುದನ್ನು 'ದರ' ಎಂದೂ, ಒಂದು ದರದ ಮುದ್ರಣವನ್ನು ಇನ್ನೊಂದು ದರಕ್ಕೆ ಒಯ್ಯುವುದನ್ನು 'ದರಾಂತರ' ಎಂದೂ ಇಲ್ಲಿ ಕರೆದಿದ್ದೇವೆ. ಸಿ.ಡಿ. ತಟ್ಟೆಯ ದರ ೪೪,೧೦೦. ಚಲನಚಿತ್ರ ಮತ್ತು ವಿಡಿಯೋ ಕೆಲಸದ ದರ ೪೮,೦೦೦. ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿರುವ ದರ ೯೬,೦೦೦. ಮಾತಿನ ವಿಶ್ಲೇಷಣೆಯಲ್ಲಿ ಹಲವೆಡೆ ೧೬,೦೦೦. ಹಳೆಯ ದೂರವಾಣಿಯ ದರ ೮,೦೦೦. ಈ ದರಗಳು ಯಾವ ಒಂದೇ ತತ್ತ್ವದಿಂದಲೂ ಹುಟ್ಟಿದವಲ್ಲ. ೪೪,೧೦೦ ಎಂಬ ಸಂಖ್ಯೆ ಬಂದುದು, ಮೊದಲ ದಿನಗಳಲ್ಲಿ ಅಂಕಿಗಳನ್ನು ವಿಡಿಯೋ ಟೇಪಿನ ಮೇಲೆ ಬರೆಯುತ್ತಿದ್ದುದರಿಂದ: ಒಂದು ಗೆರೆಗೆ ೩ ಮಾದರಿ, ೨೪೫ ಗೆರೆ, ಸೆಕೆಂಡಿಗೆ ೬೦ ಸಲ. ೪೮,೦೦೦ವನ್ನಾದರೋ ೨೪, ೨೫, ೩೦ ಈ ಮೂರರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ಚಿತ್ರಚೌಕಟ್ಟುಗಳ ಲೆಕ್ಕಕ್ಕೆ ಅದು ಅನುಕೂಲ. ಇತಿಹಾಸದ ಇಂಥ ಆಕಸ್ಮಿಕಗಳ ಫಲವಾಗಿ ದರಾಂತರವು ಅನಿವಾರ್ಯವಾಗಿದೆ.

೨. ಎರಡು ಅಭಿಪ್ರಾಯಗಳು

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇಂದಿನ ಪ್ರೊಸೆಸರುಗಳು ಅತಿವೇಗದವು, ಆದ್ದರಿಂದ ಯಾವಾಗಲೂ ಅತ್ಯುತ್ತಮವೆಂದು ಹೆಸರಿಟ್ಟ ಕ್ರಮವನ್ನೇ ಆರಿಸಿಕೊಂಡು ನಿಶ್ಚಿಂತರಾಗಿರಬೇಕು ಎಂಬುದು ಒಂದು. ಕಿವಿಗೆ ವ್ಯತ್ಯಾಸ ತಿಳಿಯದ ಮೇಲೆ ಯಂತ್ರಕ್ಕೆ ಹೊರೆಯೇಕೆ, ಅತಿ ಹಗುರವಾದುದೇ ಸಾಕು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಗುಣವನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ಭಾವಿಸಿರುವುದು ಎರಡಕ್ಕೂ ಸಮಾನವಾದ ದೋಷ. ಗುಣಕ್ಕೆ ಎರಡು ಬೇರೆ ಬೇರೆ ಅಂಗಗಳಿವೆ. ಅವುಗಳ ಬೆಲೆಯೂ ಬೇರೆ ಎಂಬುದೇ ನಮ್ಮ ಪ್ರತಿಪಾದನೆ.

೩. ಕ್ರಮಗಳ ಸ್ವರೂಪ

ಒಂದು ದರವು ತನ್ನ ಅರ್ಧದಷ್ಟು ಕಂಪನಸಂಖ್ಯೆಯವರೆಗಿನ ಧ್ವನಿಯನ್ನು ಮಾತ್ರ ನಿಜವಾಗಿ ಹಿಡಿದಿಡಬಲ್ಲುದು. ೪೪,೧೦೦ರ ದರಕ್ಕೆ ೨೨,೦೫೦ ಕಂಪನಗಳೇ ಮೇರೆ. ಈ ಮೇರೆಯೊಳಗಿನ ಧ್ವನಿಯನ್ನು ಮಾದರಿಗಳಿಂದ ಪೂರ್ಣವಾಗಿ ಮರಳಿ ಪಡೆಯಬಹುದೆಂಬ ಪ್ರಮೇಯವನ್ನು ಷಾನನ್ ೧೯೪೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪಷ್ಟಪಡಿಸಿದನು. ಮರಳಿ ಪಡೆಯುವಾಗ, ಮೇರೆಯ ಆಚೆಗೆ ಅದೇ ಧ್ವನಿಯ ಪ್ರತಿಬಿಂಬಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಅಳಿಸದೆ ಹೊಸ ದರಕ್ಕೆ ಒಯ್ದರೆ ಅವು ಮೇರೆಯ ಒಳಕ್ಕೆ ಮಡಿಚಿಕೊಂಡು ಬಂದು, ಮೂಲದಲ್ಲಿ ಇಲ್ಲದ ಸ್ವರಗಳಾಗಿ ನಿಲ್ಲುತ್ತವೆ. ಇವನ್ನು 'ಹುಸಿಸ್ವರ'ಗಳೆನ್ನೋಣ. ಇವೇ ಧ್ವನಿಯ ಪ್ರಕ್ಷೇಪಗಳು.

ಕ್ರಮಗಳಲ್ಲಿ ಅತಿ ಸುಲಭವಾದುದು ಸಮೀಪದ ಮಾದರಿಯನ್ನೇ ಎತ್ತಿಕೊಳ್ಳುವುದು. ಅದಕ್ಕಿಂತ ಮೇಲಾದುದು ಅಕ್ಕಪಕ್ಕದ ಎರಡು ಮಾದರಿಗಳ ನಡುವೆ ಸರಳರೇಖೆಯನ್ನೆಳೆದು ಬೇಕಾದ ಬಿಂದುವನ್ನು ಓದುವುದು. ಮೂರನೆಯದು, ಹಲವು ಮಾದರಿಗಳನ್ನು ಸಿಂಕ್ ಎಂಬ ತರಂಗಾಕಾರದ ತೂಕಗಳಿಂದ ಗುಣಿಸಿ ಕೂಡಿಸುವ ಫಿಲ್ಟರಿನ ಕ್ರಮ. ಮೊದಲ ಎರಡಕ್ಕೆ ಹೊರೆಯಿಲ್ಲವೆಂದೇ ಹೇಳಬಹುದು; ಮೂರನೆಯದರ ಹೊರೆಯು ತೂಕಗಳ ಸಂಖ್ಯೆಯನ್ನು ಅವಲಂಬಿಸಿದೆ.

ಸರಳರೇಖಾ ಕ್ರಮದ ಗುಣದೋಷಗಳನ್ನು ಲೆಕ್ಕದಿಂದಲೇ ನಿರ್ಣಯಿಸಬಹುದು. ೪೪,೧೦೦ರಿಂದ ೪೮,೦೦೦ಕ್ಕೆ ಒಯ್ಯುವಾಗ ೧,೦೦೦ ಕಂಪನಗಳ ಶುದ್ಧಸ್ವರವೊಂದು ೪,೯೦೦ರಲ್ಲಿ ಹುಸಿಸ್ವರವನ್ನು ಹುಟ್ಟಿಸುತ್ತದೆ. ಅದರ ಪ್ರಮಾಣ ಮೂಲದ ಸುಮಾರು ೧,೮೬೦ರಲ್ಲಿ ಒಂದು ಪಾಲು. ೩,೦೦೦ದ ಸ್ವರವು ೬,೯೦೦ರಲ್ಲಿ ಸುಮಾರು ೧೯೦ರಲ್ಲಿ ಒಂದು ಪಾಲಿನ ಹುಸಿಸ್ವರವನ್ನು ತರುತ್ತದೆ. ೧೦,೦೦೦ದ ಸ್ವರಕ್ಕೆ ಬಂದಾಗ ಹುಸಿಸ್ವರವು ೧೩,೯೦೦ರಲ್ಲಿ ನಿಂತು, ಪ್ರಮಾಣದಲ್ಲಿ ಸುಮಾರು ೧೨ರಲ್ಲಿ ಒಂದು ಪಾಲಾಗುತ್ತದೆ. ಜೊತೆಗೆ ಮೂಲಸ್ವರವೂ ಸುಮಾರು ನೂರಕ್ಕೆ ೧೬ರಷ್ಟು ಕುಗ್ಗುತ್ತದೆ. ತಗ್ಗುಸ್ವರಗಳಲ್ಲಿ ಈ ಕ್ರಮವು ಸಹ್ಯ, ಮೇಲುಸ್ವರಗಳಲ್ಲಿ ಅಸಹ್ಯ ಎಂಬುದು ಇದರಿಂದ ಸಿದ್ಧವಾಗುತ್ತದೆ. ನಟನ ತಗ್ಗುದನಿಯ ಒಂದು ಮಾತನ್ನು ಕೇಳಿ "ದೋಷವೇನೂ ಇಲ್ಲ" ಎಂದು ತೀರ್ಪು ಕೊಟ್ಟವರು, ಅದೇ ನಾಟಕದ ತಾಳದ ಝಣತ್ಕಾರವನ್ನೂ ಹಾರ್ಮೋನಿಯಂನ ಮೇಲು ಸ್ತರಗಳನ್ನೂ ಪರೀಕ್ಷಿಸಿದ ಮೇಲೆ ತಮ್ಮ ತೀರ್ಪನ್ನು ತಿದ್ದಿಕೊಳ್ಳಬೇಕಾದೀತು.

ಫಿಲ್ಟರಿನ ಕ್ರಮದಲ್ಲಿ ದರಗಳ ಅನುಪಾತವು ಮುಖ್ಯ. ೪೪,೧೦೦ಕ್ಕೂ ೪೮,೦೦೦ಕ್ಕೂ ಇರುವ ಅನುಪಾತ ೧೪೭:೧೬೦. ಇದನ್ನು ಇನ್ನೂ ಕಿರಿದು ಮಾಡಲಾಗದು. ಹರಿಹರದವರಿಗೆ ಇಂಥ ಲೆಕ್ಕ ಹೊಸದಲ್ಲ. ೧೯೪೧ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಂಗುಲದ ಲೆಕ್ಕದ ಸ್ಕ್ರೂ ಇರುವ ಲೇತಿನಲ್ಲಿ ಮಿಲಿಮೀಟರಿನ ಲೆಕ್ಕದ ಥ್ರೆಡ್ ಕೊರೆಯಬೇಕಾದರೆ ೧೨೭ ಹಲ್ಲುಗಳ ಗೇರು ಬೇಕು. ಏಕೆಂದರೆ ಒಂದು ಅಂಗುಲವೆಂದರೆ ೨೫.೪ ಮಿಲಿಮೀಟರು, ಅಂದರೆ ೧೨೭ನ್ನು ೫ರಿಂದ ಭಾಗಿಸಿದಷ್ಟು. ಸಮೀಪದ ಹಲ್ಲುಗಳ ಬೇರೊಂದು ಗೇರನ್ನು ಹಾಕಿ ಕೊರೆದರೆ ಮೊದಲ ಕೆಲವು ಸುತ್ತುಗಳು ಸರಿಯಾಗಿಯೇ ತೋರುತ್ತವೆ. ಉದ್ದವಾದಂತೆ ತಪ್ಪು ಬೆಳೆಯುತ್ತದೆ. ದರಾಂತರದಲ್ಲಿಯೂ ಅನುಪಾತವು ನಿಖರವಾಗಿರಬೇಕು. ಶಬ್ದಶಃ ಮಾಡಿದರೆ ೧೬೦ ಪಟ್ಟು ಏರಿಸಿ ೭೦,೫೬,೦೦೦ ದರಕ್ಕೆ ಹೋಗಿ, ಅಲ್ಲಿಂದ ೧೪೭ಕ್ಕೆ ಒಂದರಂತೆ ಆರಿಸಬೇಕು. ಆದರೆ ಬಳಕೆಯಾಗದ ಮಾದರಿಗಳನ್ನು ಲೆಕ್ಕ ಮಾಡಿ ಫಲವೇನು? ತೂಕಗಳನ್ನು ೧೬೦ ಗುಂಪುಗಳಾಗಿ ಮೊದಲೇ ಹಂಚಿಟ್ಟುಕೊಂಡು, ಬೇಕಾದ ಮಾದರಿಗೆ ಬೇಕಾದ ಗುಂಪನ್ನಷ್ಟೇ ಬಳಸುವ ಉಪಾಯದಿಂದ ಈ ಹೊರೆ ತಪ್ಪುತ್ತದೆ.

ಎರಡು ಯಂತ್ರಗಳ ಗಡಿಯಾರಗಳು ತುಸು ಭಿನ್ನವಾಗಿದ್ದಾಗ ಅನುಪಾತವು ಸ್ಥಿರವಾಗಿರುವುದಿಲ್ಲ. ಹತ್ತು ಲಕ್ಷಕ್ಕೆ ೫೦ರ ವ್ಯತ್ಯಾಸವಿದ್ದರೂ ೪೮,೦೦೦ದ ದರದಲ್ಲಿ ಗಂಟೆಗೆ ೮,೬೪೦ ಮಾದರಿಗಳು ಹೆಚ್ಚುಕಡಿಮೆಯಾಗುತ್ತವೆ. ಇಂಥಲ್ಲಿ ಗುಂಪುಗಳ ನಡುವಣ ತೂಕವನ್ನೂ ಆಗಿಂದಾಗ ಲೆಕ್ಕಿಸುವ, ಸ್ಮಿತ್ ಮತ್ತು ಗಾಸೆಟ್ ೧೯೮೪ರಲ್ಲಿ ವಿವರಿಸಿದಂಥ, ಕ್ರಮವು ಬೇಕಾಗುತ್ತದೆ.

೪. ಹೊರೆಯ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫಿಲ್ಟರಿಗೆ ಎಷ್ಟು ತೂಕಗಳು ಬೇಕು? ಅದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಹುಸಿಸ್ವರಗಳನ್ನು ಎಷ್ಟು ಕೆಳಕ್ಕೆ ತಳ್ಳಬೇಕು ಎಂಬುದು ಒಂದು; ಇದನ್ನು ಶುದ್ಧಿ ಎನ್ನಬಹುದು. ಮೇರೆಯ ಎಷ್ಟು ಹತ್ತಿರದವರೆಗೆ ಮೂಲಧ್ವನಿಯನ್ನು ಕುಂದದಂತೆ ಉಳಿಸಬೇಕು ಎಂಬುದು ಇನ್ನೊಂದು. ಇದನ್ನು ವ್ಯಾಪ್ತಿ ಎನ್ನಬಹುದು. ಶುದ್ಧಿ ಕೆಟ್ಟರೆ ಪ್ರಕ್ಷೇಪ, ವ್ಯಾಪ್ತಿ ಕುಗ್ಗಿದರೆ ಲೋಪ. ಕೈಸರ್ ೧೯೭೪ರಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕ ಹಾಕಿದರೆ ಹೀಗಾಗುತ್ತದೆ.

ಶುದ್ಧಿಯನ್ನು ೯೭ ಡೆಸಿಬೆಲ್ಲಿಗೆ, ಎಂದರೆ ಹುಸಿಸ್ವರವು ಎಪ್ಪತ್ತು ಸಾವಿರದಲ್ಲಿ ಒಂದು ಪಾಲನ್ನು ಮೀರದಂತೆ, ಇಟ್ಟುಕೊಳ್ಳೋಣ. ವ್ಯಾಪ್ತಿಯು ಮೇರೆಯ ನೂರಕ್ಕೆ ೮೦ರಷ್ಟು ಸಾಕಾದರೆ ಒಂದು ಮಾದರಿಗೆ ಸುಮಾರು ೬೨ ತೂಕಗಳು ಬೇಕು. ೯೦ ಬೇಕಾದರೆ ೧೨೪. ೯೭ ಬೇಕಾದರೆ ೪೧೩. ಇನ್ನು ವ್ಯಾಪ್ತಿಯನ್ನು ೮೦ರಲ್ಲಿಯೇ ಇಟ್ಟು, ಶುದ್ಧಿಯನ್ನು ೬೦ ಡೆಸಿಬೆಲ್ಲಿಗೆ, ಎಂದರೆ ಸಾವಿರದಲ್ಲಿ ಒಂದು ಪಾಲಿಗೆ, ಇಳಿಸಿದರೆ ೩೬ ತೂಕಗಳು ಸಾಕು. ಇಲ್ಲಿ ಎರಡು ಅಂತರಗಳನ್ನು ಹೋಲಿಸಬೇಕು. ಶುದ್ಧಿಯನ್ನು ಎಪ್ಪತ್ತು ಪಟ್ಟು ಕೆಡಿಸಿ ಉಳಿಸಿದ್ದು ೨೬ ತೂಕಗಳನ್ನು ಮಾತ್ರ; ಅಂಚಿನ ನೂರಕ್ಕೆ ೧೭ರಷ್ಟು ವ್ಯಾಪ್ತಿಯನ್ನು ಗಳಿಸಲು ತೆತ್ತದ್ದು ೩೫೧ ತೂಕಗಳು. ಶುದ್ಧಿ ಅಗ್ಗ, ಅಂಚು ದುಬಾರಿ. ಪ್ರೊಸೆಸರಿನ ಹೊರೆಯನ್ನು ಇಳಿಸಬೇಕಾದವನು ಕತ್ತರಿ ಹಾಕಬೇಕಾದುದು ಅಂಚಿಗೆ, ಶುದ್ಧಿಗಲ್ಲ.

ಸಂಪಾದನಶಾಸ್ತ್ರದ ವಿವೇಕವೂ ಗಣಿತದ ಲೆಕ್ಕವೂ ಇಲ್ಲಿ ಒಂದೇ ಮಾತನ್ನು ಹೇಳುತ್ತಿರುವುದು ಗಮನಾರ್ಹ. ಪ್ರಕ್ಷೇಪಕ್ಕಿಂತ ಲೋಪವನ್ನು ಸಹಿಸಿಕೊಳ್ಳುವುದು ಶಾಸ್ತ್ರಕ್ಕೂ ಹಿತ, ಯಂತ್ರಕ್ಕೂ ಹಿತ.

ಬಳಕೆಯಲ್ಲಿರುವ ಎರಡು ತಂತ್ರಾಂಶಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಲಿಬ್‌ಸ್ಯಾಂಪಲ್‌ರೇಟ್ ಎಂಬುದು ಸಿಂಕ್ ಕ್ರಮದ ಮೂರು ದರ್ಜೆಗಳನ್ನು ಕೊಡುತ್ತದೆ. ಅದರ ಕೈಪಿಡಿಯಂತೆ ಮೂರರಲ್ಲಿಯೂ ಶುದ್ಧಿ ೯೭ ಡೆಸಿಬೆಲ್ಲಿಗೆ ಕಡಿಮೆಯಿಲ್ಲ. ವ್ಯಾಪ್ತಿ ಮಾತ್ರ ಕ್ರಮವಾಗಿ ೯೭, ೯೦, ೮೦. ಇದು ವಿವೇಚನೆಯುಳ್ಳ ವಿಭಾಗ: ಬಳಸುವವನು ಏನನ್ನು ಬಿಡುತ್ತಿದ್ದೇನೆಂಬುದನ್ನು ತಿಳಿದೇ ಬಿಡುತ್ತಾನೆ. ಸ್ಪೀಕ್ಸ್ ತಂತ್ರಾಂಶದ ದರಾಂತರ ಭಾಗವಾದರೋ ೦ಯಿಂದ ೧೦ರವರೆಗೆ ಒಂದೇ ಅಂಕವನ್ನು ಕೇಳುತ್ತದೆ. ಅಂಕ ೦ ಆದರೆ ತೂಕಗಳ ಮೂಲಸಂಖ್ಯೆ ೮, ೪ ಆದರೆ ೬೪, ೧೦ ಆದರೆ ೨೫೬. ಬಳಸಲು ಇದು ಸುಲಭ, ನೇರ ಪ್ರಸಾರಕ್ಕೆ ಉಪಯುಕ್ತ. ಆದರೆ ಅಂಕ ಇಳಿದಂತೆ ವ್ಯಾಪ್ತಿಯೂ ಶುದ್ಧಿಯೂ ಜೊತೆಜೊತೆಯಾಗಿ ಇಳಿಯುತ್ತವೆ. ಪರೀಕ್ಷೆಯ ಒಟ್ಟು ಅಂಕವನ್ನಷ್ಟೇ ನೋಡಿ ವಿದ್ಯಾರ್ಥಿಗೆ ಯಾವ ವಿಷಯ ಬಾರದೆಂದು ಹೇಳಲಾಗದಿರುವಂತೆ, ಈ ಅಂಕದಿಂದ ಧ್ವನಿಗೆ ಆದ ದೋಷ ಯಾವುದೆಂದು ಹೇಳಲಾಗದು.

೫. ಈ ಪ್ರದೇಶದ ಆಕರಗಳು

ಮೊದಲು ಆಡುಮಾತನ್ನು ಪರಿಶೀಲಿಸೋಣ. ಗ್ರಾಮ್ಯ ಕನ್ನಡದಲ್ಲಿ 'ಶಿವ' 'ಸಿವ'ನಾಗುವುದೂ, 'ಶಾಲೆ' 'ಸಾಲೆ'ಯೋ 'ಸಾಲಿ'ಯೋ ಆಗುವುದೂ ಸರ್ವವಿದಿತ. ಮೈಸೂರು ಸೀಮೆಯ ಮಾತೂ ಧಾರವಾಡ ಸೀಮೆಯ ಮಾತೂ ಸಂಧಿಸುವ ದಾವಣಗೆರೆ-ಹರಿಹರಗಳಲ್ಲಿ, ಯಾರು, ಯಾವ ಸಂದರ್ಭದಲ್ಲಿ, ಶಕಾರವನ್ನು ಉಳಿಸಿಕೊಳ್ಳುತ್ತಾರೆ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಸಕಾರದ ಘರ್ಷಣಧ್ವನಿಯು ಸಾಮಾನ್ಯವಾಗಿ ೪,೦೦೦ ಕಂಪನಗಳ ಮೇಲೆ ಬಲವಾಗಿದ್ದು ೮,೦೦೦ವನ್ನೂ ದಾಟಿ ಹರಡಿರುತ್ತದೆ. ಶಕಾರದ ಘರ್ಷಣವು ಅದಕ್ಕಿಂತ ಕೆಳಗೆ, ಎರಡು ಮೂರು ಸಾವಿರ ಕಂಪನಗಳಿಂದಲೇ ಬಲಗೊಳ್ಳುತ್ತದೆ. ವಿಶ್ಲೇಷಣೆಗೆಂದು ೪೮,೦೦೦ದ ಮುದ್ರಣವನ್ನು ೧೬,೦೦೦ಕ್ಕೆ ಇಳಿಸುವ ವಿದ್ಯಾರ್ಥಿಯು ಫಿಲ್ಟರನ್ನು ಬಳಸದೆ ಮೂರಕ್ಕೆ ಒಂದು ಮಾದರಿಯನ್ನು ಆರಿಸಿಕೊಂಡನೆನ್ನೋಣ. ಅನುಪಾತವು ಸರಿಯಾಗಿ ಮೂರು ಆದುದರಿಂದ ಸರಳರೇಖಾ ಕ್ರಮವೂ ಇಲ್ಲಿ ಮಾಡುವುದು ಇದನ್ನೇ. ಆಗ ಸಕಾರದ ೧೨,೦೦೦ದ ಅಂಶವು ೪,೦೦೦ಕ್ಕೂ ೧೩,೦೦೦ದ ಅಂಶವು ೩,೦೦೦ಕ್ಕೂ ಮಡಿಚಿಕೊಂಡು ಬರುತ್ತವೆ. ಹೆಂಗಸೊಬ್ಬಳು ನುಡಿದ ಶುದ್ಧ ಸಕಾರವು ಅಳತೆಯಲ್ಲಿ ಶಕಾರದ ಕಡೆಗೆ ವಾಲಿದಂತೆ ತೋರಬಹುದು. "ಈ ಊರಿನ ಸ್ತ್ರೀಯರ ಮಾತಿನಲ್ಲಿ ಸ-ಶಗಳ ಅಂತರ ಅಳಿಯುತ್ತಿದೆ" ಎಂಬ ಸಿದ್ಧಾಂತವು ಪ್ರಬಂಧದಲ್ಲಿ ಸೇರಿದರೆ, ಅದರ ಕರ್ತೃ ಆ ಸ್ತ್ರೀಯಲ್ಲ, ದರಾಂತರದ ಕ್ರಮ. ಕೇಳುವಾಗ ಕಿವಿಯು ಒಪ್ಪಿಕೊಂಡುದನ್ನು ಅಳತೆಯು ಒಪ್ಪುವುದಿಲ್ಲ. ಆದುದರಿಂದ "ಕಿವಿಗೆ ತಿಳಿಯದು" ಎಂಬ ಸಮಾಧಾನವು ಸಂಶೋಧನೆಯಲ್ಲಿ ಸಲ್ಲದು.

ಯೋಗ್ಯವಾದ ಫಿಲ್ಟರಿಗೆ ಆಗುವ ಖರ್ಚಾದರೂ ಎಷ್ಟು? ೬,೪೦೦ ಕಂಪನಗಳವರೆಗೆ ಉಳಿಸಿ ೮,೦೦೦ದೊಳಗೆ ಅಳಿಸಲು ಒಂದು ಮಾದರಿಗೆ ಸುಮಾರು ೧೮೬ ತೂಕಗಳು, ಸೆಕೆಂಡಿಗೆ ೨೯,೭೬,೦೦೦ ಗುಣಾಕಾರಗಳು. ಇಂದಿನ ಸಾಮಾನ್ಯ ಗಣಕಕ್ಕೆ ಇದು ಗಣನೆಗೆ ಬಾರದ ಕೆಲಸ. ಆದರೂ ಘರ್ಷಣಧ್ವನಿಗಳನ್ನೇ ಅಳೆಯುವವನು ೧೬,೦೦೦ಕ್ಕೆ ಇಳಿಯದೆ ಮೂಲದರದಲ್ಲಿಯೇ ಅಳೆಯುವುದು ಲೇಸು. ದೂರವಾಣಿಯಲ್ಲಿ ೮,೦೦೦ದ ದರದಲ್ಲಿ ಪಡೆದ ಮಾತನ್ನು ೪೮,೦೦೦ಕ್ಕೆ ಏರಿಸಿದ ಮಾತ್ರಕ್ಕೆ ಕಳೆದುಹೋದ ಸಕಾರವು ಮರಳಿ ಬಾರದೆಂಬುದನ್ನೂ ನೆನಪಿಡಬೇಕು.

ಎರಡನೆಯದು ರಂಗಧ್ವನಿ. ಚಿಂದೋಡಿ ಮನೆತನದ ಕೆ. ಬಿ. ಆರ್. ಡ್ರಾಮಾ ಕಂಪನಿಯಿಂದಲೂ, ೨೦೧೦ರಲ್ಲಿ ನಿಧನರಾದ ಚಿಂದೋಡಿ ಲೀಲಾ ಅವರಿಂದಲೂ ದಾವಣಗೆರೆಯು ವೃತ್ತಿರಂಗಭೂಮಿಯ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಇಂಥ ನಾಟಕವೊಂದರ ಮೂರು ಗಂಟೆಗಳ ಕ್ಯಾಸೆಟ್ ಮುದ್ರಣವು ಕೈಗೆ ಸಿಕ್ಕಿತೆನ್ನೋಣ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ೧೫,೦೦೦ ಕಂಪನಗಳ ಮೇಲೆ ಉಳಿದಿರುವ ಧ್ವನಿ ಅತ್ಯಲ್ಪ. ನೂರಕ್ಕೆ ೮೦ರ ವ್ಯಾಪ್ತಿಯೆಂದರೆ ೪೪,೧೦೦ರ ದರದಲ್ಲಿ ೧೭,೬೪೦ ಕಂಪನಗಳು. ಆದ್ದರಿಂದ ಹೆಸರಿನಿಂದ ಅತಿ ಕೆಳಗಿನದಾದ ಸಿಂಕ್ ದರ್ಜೆಯೂ ಇಲ್ಲಿ ಕಳೆಯುವುದೇನೂ ಇಲ್ಲ. ಇಲ್ಲದ ಅಕ್ಷರಕ್ಕೆ ಲೋಪವೆಲ್ಲಿಯದು?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಎರಡು ವಾಹಿನಿಗಳ ಈ ಮುದ್ರಣಕ್ಕೆ ೪೧೩ ತೂಕಗಳ ಕ್ರಮದಲ್ಲಿ ಸುಮಾರು ೪೨,೮೨೦ ಕೋಟಿ ಗುಣಾಕಾರಗಳು, ೬೨ರ ಕ್ರಮದಲ್ಲಿ ೬,೪೨೮ ಕೋಟಿ. ಸೆಕೆಂಡಿಗೆ ನೂರು ಕೋಟಿ ಗುಣಾಕಾರ ಮಾಡುವ ಪ್ರೊಸೆಸರಿಗೆ ಮೊದಲನೆಯದು ಏಳು ನಿಮಿಷದ, ಎರಡನೆಯದು ಒಂದು ನಿಮಿಷದ ಕೆಲಸ. ಆರು ನಿಮಿಷದ ಉಳಿತಾಯಕ್ಕಾಗಿ ಇಷ್ಟು ಚರ್ಚೆಯೇ? ಆಕ್ಷೇಪವು ಸಾಧುವಾದುದು. ಸಂಗ್ರಹಾಲಯದ ಕೆಲಸಕ್ಕೆ ಗಡುವಿಲ್ಲ. ಅಲ್ಲಿ ಅತ್ಯುತ್ತಮ ದರ್ಜೆಯನ್ನೇ ಬಳಸಲಿ, ನಮ್ಮ ವಿರೋಧವಿಲ್ಲ.

ಆದರೆ ನಾಟಕವು ನಡೆಯುತ್ತಿರುವಾಗಲೇ ದರಾಂತರ ಮಾಡಬೇಕಾದಲ್ಲಿ ಪರಿಸ್ಥಿತಿ ಬೇರೆ. ರಂಗದ ಮೇಲೆ ೧೬ ಮೈಕುಗಳಿದ್ದು ಪ್ರತಿಯೊಂದನ್ನೂ ೪೮,೦೦೦ಕ್ಕೆ ಒಯ್ಯಬೇಕಾದರೆ, ೪೧೩ರ ಕ್ರಮವು ಸೆಕೆಂಡಿಗೆ ಸುಮಾರು ೩೨ ಕೋಟಿ ಗುಣಾಕಾರಗಳನ್ನು, ಎಂದರೆ ಆ ಪ್ರೊಸೆಸರಿನ ಶಕ್ತಿಯ ಮೂರನೆಯ ಒಂದು ಪಾಲನ್ನು, ನುಂಗುತ್ತದೆ. ೬೨ರದು ಐದು ಕೋಟಿಗೂ ಕಡಿಮೆ. ನೇರ ಕೆಲಸದಲ್ಲಿ ೪೮೦ ಮಾದರಿಗಳ ಒಂದು ಕಂತನ್ನು ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಮುಗಿಸಿಕೊಡಬೇಕು. ಬೇರೆ ಕೆಲಸಗಳ ಒತ್ತಡದಲ್ಲಿ ಒಂದು ಸಲ ತಡವಾದರೂ ಧ್ವನಿಯು ಕಡಿಯುತ್ತದೆ. ಆ ಕಡಿತದಲ್ಲಿ ಕಳೆದುಹೋದ ಮಾತಿನ ತುಣುಕನ್ನು ಯಾವ ಉತ್ತಮ ಫಿಲ್ಟರೂ ಮರಳಿ ಕೊಡಲಾರದು. ಆದ್ದರಿಂದ ಇಲ್ಲಿ ಹಗುರವಾದ ಸಿಂಕ್ ದರ್ಜೆಯೇ ಉಚಿತ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯಗಳು ಇವು. ಒಂದು: ಯಾವ ಸಂದರ್ಭದಲ್ಲಿಯೂ ಮೊದಲು ಕಾಯಬೇಕಾದುದು ಶುದ್ಧಿಯನ್ನು, ಹೊರೆ ಇಳಿಸಬೇಕಾದರೆ ವ್ಯಾಪ್ತಿಯ ಅಂಚನ್ನು ಬಿಡಬೇಕು. ಎರಡು: ಎಷ್ಟು ಅಂಚನ್ನು ಬಿಡಬಹುದೆಂಬುದನ್ನು ಯಂತ್ರದ ವೇಗವನ್ನಷ್ಟೇ ನೋಡಿ ಹೇಳಲಾಗದು, ಆಕರದಲ್ಲಿ ಅಲ್ಲಿ ಏನಿದೆ ಎಂಬುದನ್ನು ನೋಡಿ ಹೇಳಬೇಕು. ಮೂರು: ಗಡುವಿಲ್ಲದ ಕೆಲಸದಲ್ಲಿ ಉತ್ತಮ ದರ್ಜೆ, ನೇರ ಕೆಲಸದಲ್ಲಿ ಹಗುರ ದರ್ಜೆ, ಫಿಲ್ಟರಿಲ್ಲದ ಕ್ರಮಗಳು ಸಂಶೋಧನೆಗೆ ಸಲ್ಲವು. ನಾಲ್ಕು: ದರಾಂತರವು ಒಂದೇ ಸಲ, ಮಾತೃಪ್ರತಿಯಿಂದಲೇ ನಡೆಯಬೇಕು. ೪೪,೧೦೦ರಿಂದ ೪೮,೦೦೦ಕ್ಕೆ, ಅಲ್ಲಿಂದ ಹಿಂದಕ್ಕೆ, ಮತ್ತೆ ೧೬,೦೦೦ಕ್ಕೆ ಎಂದು ಸಾಗಿದ ಮುದ್ರಣವು ಪ್ರತಿಯ ಪ್ರತಿಯ ಪ್ರತಿಯಷ್ಟೆ.

ಇನ್ನೊಂದು ಸೂಚನೆ. ಓಲೆಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ತಿಥಿಯನ್ನೂ ಬರೆಯುವ ಪದ್ಧತಿಯಿದ್ದಂತೆ, ಪ್ರತಿಯೊಂದು ಧ್ವನಿಮುದ್ರಣದ ಜೊತೆಗೂ ಮೂಲದರ, ಹೊಸ ದರ, ಬಳಸಿದ ಕ್ರಮ ಮತ್ತು ಅದರ ದರ್ಜೆಗಳನ್ನು ಬರೆದಿಡಬೇಕು. ೧೯೫೧ರಲ್ಲಿ ಆರಂಭವಾದ ಬಿ. ಡಿ. ಟಿ. ಎಂಜಿನಿಯರಿಂಗ್ ಕಾಲೇಜೂ ೨೦೦೯ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೂ ದಾವಣಗೆರೆಯಲ್ಲಿವೆ. ಭಾಷೆಯ ವಿದ್ಯಾರ್ಥಿಯೂ ಯಂತ್ರವಿದ್ಯೆಯ ವಿದ್ಯಾರ್ಥಿಯೂ ಒಂದೇ ಮುದ್ರಣವನ್ನು ಜೊತೆಯಾಗಿ ಕೂತು ಪರೀಕ್ಷಿಸಲು ಇಲ್ಲಿ ಅಡ್ಡಿಯೇನೂ ಇಲ್ಲ. ಹಾಗೆ ಪರೀಕ್ಷಿಸಿದ ಮುದ್ರಣಗಳ ಮೇಲೆ ಮಾತ್ರ ಈ ಪ್ರದೇಶದ ಮಾತಿನ ಬಗೆಗೆ ನಿಲ್ಲುವಂಥ ಸಿದ್ಧಾಂತಗಳನ್ನು ಕಟ್ಟಬಹುದು.